ಒಂದಿಂಚು ಗಿಡ್ಡವಾದ ಹೋಸು

ಬ್ರೇಕ್ ಲೈನರ್ ಕಾದು ಸೀದ ವಾಸನೆ ಉಮ್ಮರಬ್ಬರಿಗೆ ಹುಟ್ಟಿದಾಗಿನಿಂದ ಗೊತ್ತು. ಚಾರ್ಮಾಡಿ ಘಾಟಿ ಇಳಿದು ಬಂದ ಲಾರಿಗಳು ಕಕ್ಕಿಂಜೆಯಲ್ಲಿ ಅವರ ಉಮ್ಮನ ಚಹಾದಂಗಡಿಯ ಮುಂದೆ ಹೊಗೆಯಾಡುವ ಚಕ್ರಗಳೊಂದಿಗೆ ನಿಲ್ಲುತ್ತಿದ್ದವು. ಲಾರಿ ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಡಿಯುತ್ತಿತ್ತು. ಉಮ್ಮ ಒಲೆಗೆ ಪಾತ್ರೆ ಏರಿಸಿ, ಚಕ್ರಕ್ಕೆ ಹೊಯ್ಯಲು ಮಗನ ಕೈಗೆ ನೀರಿನ ಬಕೆಟು ಕೊಡುತ್ತಿದ್ದರು. "ವಾಸನೆ ಬಂದ್ರೆ ಹೆದರ್ಬೇಡ, ಬ್ರೇಕ್ ಹಿಡಿದಿದೆ ಅಂತ ಅರ್ಥ. ವಾಸನೆ ಇಲ್ದೆ ಬರುವ ಲಾರಿ ಕಂಡ್ರೆ ಮಾತ್ರ ಅಂಗಡಿ ಬಿಟ್ಟು ಓಡು" ಎನ್ನುತ್ತಿದ್ದರು.

ಈಗ ಶುಕ್ರವಾರ ಬೆಳಗಿನ ಐದೂವರೆ. ಕುವೈತಿನ ಫರ್ವಾನಿಯಾದಲ್ಲಿ, ಎರಡು ಕಟ್ಟಡಗಳ ನಡುವಿನ ಮರಳು ಮೈದಾನದಲ್ಲಿ, ಐವತ್ತಾರು ವರ್ಷದ ಉಮ್ಮರಬ್ಬ ಯಾರದೋ ಬಿಳಿ ಕಾರಿನ ಪಕ್ಕ ಹೊಟ್ಟೆಯ ಮೇಲೆ ಮಲಗಿದ್ದಾರೆ. ಮುಂದಿನ ಎಡ ಚಕ್ರದ ಹಿಂದೆ ಮೊಬೈಲಿನ ಬೆಳಕು ಬಿಟ್ಟು ಇಣುಕುತ್ತಾರೆ. ಅವರು ಹುಡುಕುತ್ತಿರುವುದು ಹಳದಿ ಗೆರೆಯ ಹೊಸ ಬ್ರೇಕ್ ಹೋಸನ್ನು, ಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರ್ ಕೊಳವೆಯನ್ನು. ಇಲ್ಲಿಲ್ಲ. ಮೊಣಕಾಲಿನ ಮರಳು ಒರೆಸಿಕೊಂಡು ಏಳುತ್ತಾರೆ. ಇದು ಒಂಬತ್ತನೆಯ ಕಾರು.

"ಇನ್ನು ಎಷ್ಟುಂಟು ಕಾಕ?" ಎಂದು ಪಿಕಪ್ಪಿನೊಳಗಿನಿಂದ ಕೇಳುತ್ತಾರೆ ಸಿರಾಜ್. ಉಮ್ಮರಬ್ಬರ ರೂಮಿನಲ್ಲೇ ಇರುವ, ಅವರು ಕೆಲಸ ಮಾಡುವ ಅಂಗಡಿಯ ಮಾಲು ಸಾಗಿಸುವ ಡ್ರೈವರ್.

"ಸಿಗುವವರೆಗೆ ಉಂಟು. ಚಲೋ."

ಶುವೈಖ್‌ನ ಗ್ಯಾರೇಜು ಬೀದಿಗಳಲ್ಲಿ ಉಮ್ಮರಬ್ಬರ ಹೆಸರು ಕೇಳಿದರೆ ಮೆಕ್ಯಾನಿಕ್ಕುಗಳು ಬೆರಳು ಮಾಡಿ ಅಂಗಡಿ ತೋರಿಸುತ್ತಾರೆ. ಅದರಾಚೆ ಅವರನ್ನು ಬಲ್ಲವರಿಲ್ಲ. ಮೂವತ್ತಮೂರು ವರ್ಷಗಳಿಂದ ಅವರು ಒಂದೇ ಕೌಂಟರಿನಲ್ಲಿ ನಿಂತು ಅಮೆರಿಕದ ಕಾರುಗಳ ಬಿಡಿಭಾಗ ಕೊಡುತ್ತಿದ್ದಾರೆ. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಬಂದವರು. "ಆಗ ಇಲ್ಲಿ ಅಮೆರಿಕದ ಗಾಡಿ ಅಂದ್ರೆ ಮದುಮಗನ ಹಾಗೆ. ಹಡಗಿನಷ್ಟು ಉದ್ದ, ಒಳಗೆ ಕೂತ್ರೆ ಎಸಿಗೆ ಹಲ್ಲು ಕಟಕಟ ಅನ್ಬೇಕು. ಬೆಳಿಗ್ಗೆ ಶಟರ್ ತೆಗೆಯುವಾಗಲೇ ಹತ್ತು ಜನ ನಿಂತಿರ್ತಿದ್ರು" ಎಂದು ನೆನೆಯುತ್ತಾರೆ. ದಿನಕ್ಕೆ ನೂರೈವತ್ತು ಗಿರಾಕಿಗಳು. ಹನ್ನೆರಡು ಕಪಾಟುಗಳಲ್ಲಿ ಹನ್ನೊಂದು ಅಮೆರಿಕದ್ದೇ. ನಾಲ್ಕು ಸಾವಿರದಷ್ಟು ಪಾರ್ಟ್ ನಂಬರುಗಳು ಅವರಿಗೆ ಬಾಯಿಪಾಠ. ಹತ್ತನೆಯ ತರಗತಿಯಲ್ಲಿ ಲೆಕ್ಕಕ್ಕೆ ಫೇಲಾದ ಮನುಷ್ಯ ಅವರು.

ಕಪಾಟುಗಳು ಒಂದೊಂದಾಗಿ ಕೈತಪ್ಪಿದವು. ಮೊದಲು ಜಪಾನಿನದು ಎರಡು ಬಂತು, ಆಮೇಲೆ ಕೊರಿಯಾದ್ದು. ಈಗ ಚೀನಾದ್ದೇ ಐದು ಕಪಾಟು. ಅಮೆರಿಕದ್ದು ಉಳಿದಿರುವುದು ಮೂರು. ಗಿರಾಕಿಗಳು ಅರುವತ್ತು ಬಂದರೆ ಹೆಚ್ಚು. ಅಲ್ಲಿಗೂ ನಿಲ್ಲಲಿಲ್ಲ. ಪೈಪೋಟಿ ತಡೆಯಲಾರದೆ ಅಮೆರಿಕದ ಕಂಪನಿಗಳೇ ತಮ್ಮ ಹೆಸರಿನ ಕಾರುಗಳನ್ನು ಮೆಕ್ಸಿಕೊದಲ್ಲಿ, ಕೊರಿಯಾದಲ್ಲಿ, ಚೀನಾದಲ್ಲಿ ಮಾಡಿಸತೊಡಗಿದವು. ಬಾನೆಟ್ಟಿನ ಮೇಲೆ ಅದೇ ಹೆಸರು, ಅದೇ ಲಾಂಛನ. ಒಳಗಿನ ನಟ್ಟು ಬೋಲ್ಟು ಬೇರೆ. ಗಾಡಿ ಹುಟ್ಟಿದ್ದೆಲ್ಲಿ ಎಂದು ತಿಳಿಯಲು ಚಾಸಿ ನಂಬರಿನ ಮೊದಲ ಅಂಕೆಯನ್ನೋ ಅಕ್ಷರವನ್ನೋ ನೋಡಬೇಕು. ಒಂದು ಇದ್ದರೆ ಅಮೆರಿಕ, ಮೂರು ಮೆಕ್ಸಿಕೊ, ಕೆ ಇದ್ದರೆ ಕೊರಿಯಾ, ಎಲ್ ಇದ್ದರೆ ಚೀನಾ. ಆ ನಂಬರು ಇರುವುದು ಗಾಡಿಯ ನೋಂದಣಿ ಚೀಟಿಯಲ್ಲಿ, ಇಲ್ಲಿಯವರು ದಫ್ತರ್ ಎನ್ನುವುದರಲ್ಲಿ. ದಫ್ತರ್ ಕೇಳುವ ಅಭ್ಯಾಸ ಉಮ್ಮರಬ್ಬರಿಗೆ ಇರಲಿಲ್ಲ. ಕಳಚಿದ ಹಳೆಯ ಭಾಗ ನೋಡಿದರೆ ಸಾಕಾಗುತ್ತಿದ್ದುದರಿಂದ ಕೇಳಬೇಕಾಗಿಯೂ ಇರಲಿಲ್ಲ.

ತಪ್ಪು ನಡೆದದ್ದು ನಿನ್ನೆ, ಗುರುವಾರ ಹನ್ನೊಂದು ಗಂಟೆಗೆ. ಅದಕ್ಕೆ ಎರಡು ದಿನ ಮೊದಲು, ಮ್ಯಾನೇಜರ್ ಶ್ಯಾಮಸುಂದರ್ ಕೌಂಟರಿನ ಮೇಲೆ ಕಂಪ್ಯೂಟರ್ ತಂದಿಟ್ಟಿದ್ದರು. ಕಾರ್ಕಳದವರು, ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವರು. "ಉಮ್ಮರಾಕ, ಬರುವ ತಿಂಗಳಿಂದ ಎಲ್ಲ ಇದರಲ್ಲೇ ನೋಡಿ ಕೊಡುವುದು. ಕಫೀಲ್ ರಜೆ ಮುಗಿಸಿ ಬಂದ ಮೇಲೆ ಯಾರನ್ನು ಇಟ್ಟುಕೊಳ್ಳುವುದು ಅಂತ ಅವರೇ ಹೇಳ್ತಾರಂತೆ" ಎಂದಿದ್ದರು. ಕಫೀಲ್ ಎಂದರೆ ಅಂಗಡಿಯ ಕುವೈತಿ ಮಾಲೀಕ. ಉಮ್ಮರಬ್ಬರ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಇರುವುದು ಈ ಅಂಗಡಿಯ ಮೇಲೆ. ಅಂಗಡಿ ಬೇಡವೆಂದರೆ ದೇಶವೂ ಬೇಡವೆಂದಂತೆ. ಆ ಎರಡು ರಾತ್ರಿ ಅವರಿಗೆ ನಿದ್ದೆ ಹತ್ತಿರಲಿಲ್ಲ.

ಗುರುವಾರ ಬಂದದ್ದು ತುಳು ಸೊಗಡಿನ ಕನ್ನಡ ಮಾತಾಡುವ ಹೆಂಗಸು, ಕ್ಲಿನಿಕ್ಕಿನ ನೀಲಿ ಕೋಟು. ಕಳಚಿದ ಹಳೆಯ ಹೋಸನ್ನು ಪೇಪರಿನಲ್ಲಿ ಸುತ್ತಿ ಕೌಂಟರಿನ ಮೇಲಿಟ್ಟು, "ಮೆಕ್ಯಾನಿಕ್ ಇದು ತರಲಿಕ್ಕೆ ಹೇಳಿದ. ದಫ್ತರ್ ಬೇಕಾ ಕಾಕ?" ಎಂದು ಕೇಳಿದ್ದರು.

ಗಾಜಿನ ಕ್ಯಾಬಿನ್ನಿನಿಂದ ಶ್ಯಾಮಸುಂದರ್ ನೋಡುತ್ತಿದ್ದರು. ಅದು ಉಮ್ಮರಬ್ಬರಿಗೆ ಗೊತ್ತಿತ್ತು.

"ದಫ್ತರೂ ಬೇಡ, ಸ್ಯಾಂಪಲ್ಲೂ ಬೇಡ ತಂಗಿ. ಯಾವ ಗಾಡಿ, ಯಾವ ವರ್ಷ, ಅಷ್ಟು ಹೇಳಿ ಸಾಕು."

ಮುಂದಿನ ಎಡಬದಿಯ ಹೋಸು ನಿಮಿಷದೊಳಗೆ ಕೌಂಟರಿಗೆ ಬಂತು. "ಕಂಪ್ಯೂಟರಿಗಿಂತ ಫಾಸ್ಟ್ ನೀವು" ಎಂದು ಆಕೆ ನಕ್ಕು ಹೋದರು. ಆ ಮಾತು ಕ್ಯಾಬಿನ್ನಿನವರೆಗೆ ಕೇಳಲಿ ಎಂದು ಉಮ್ಮರಬ್ಬ ಆಸೆಪಟ್ಟರು.

ಸಂಜೆ ಕಸ ಗುಡಿಸುವಾಗ ಆ ಪೇಪರಿನ ಪೊಟ್ಟಣ ಸಿಕ್ಕಿತು. ಬಿಚ್ಚಿ, ಸುಮ್ಮನೆ ಕಪಾಟಿನ ಹೋಸಿನ ಪಕ್ಕ ಹಿಡಿದು ನೋಡಿದರು. ತಿರುಪು ಒಂದೇ, ದಪ್ಪ ಒಂದೇ. ಉದ್ದ ಮಾತ್ರ ಒಂದಿಂಚು ವ್ಯತ್ಯಾಸ. ಹಳೆಯದರ ಮೇಲೆ ಕೊರಿಯಾ ಎಂದು ಅಚ್ಚೊತ್ತಿತ್ತು. ತಾವು ಕೊಟ್ಟದ್ದು ಗಿಡ್ಡ.

"ಮೆಕ್ಯಾನಿಕ್ಕಿಗೂ ಗೊತ್ತಾಗುವುದಿಲ್ಲ. ಚಕ್ರ ನೆಟ್ಟಗಿರುವಾಗ ಸರಿಯಾಗಿ ಕೂತ್ಕೊಳ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಜಗ್ತದೆ. ಜಗ್ಗಿ ಜಗ್ಗಿ ಒಂದು ದಿನ ಕಿತ್ಕೊಳ್ತದೆ" ಎಂದು ವಿವರಿಸುತ್ತಾರೆ ಉಮ್ಮರಬ್ಬ. ಕೈಯಲ್ಲಿ ಹೋಸು ಹಿಡಿದು ನಿಂತವರಿಗೆ ಉಮ್ಮ ಹೇಳಿದ ಲಾರಿ ನೆನಪಾಯಿತಂತೆ. ಹೋಸು ಕಿತ್ತುಹೋಗುವಾಗ ಯಾವ ವಾಸನೆಯೂ ಬರುವುದಿಲ್ಲ.

ನಗದು ಬಿಲ್ಲಾದ್ದರಿಂದ ಹೆಸರಿಲ್ಲ, ಫೋನ್ ನಂಬರಿಲ್ಲ. ನೆನಪಿದ್ದದ್ದು ಇಷ್ಟೇ: ಗಾಡಿಯ ಮಾಡೆಲ್ಲು, ಗಲ್ಲಿಯಲ್ಲಿ ಯಾರೋ ತಿರುಗಾಡುವ ಮೆಕ್ಯಾನಿಕ್ ಜಾಕ್ ಏರಿಸಿ ನಿಲ್ಲಿಸಿದ್ದ ಬಿಳಿ ಕಾರು, ಹಿಂದಿನ ಗಾಜಿನಲ್ಲಿ ಖೈತಾನಿನ ಇಂಡಿಯನ್ ಶಾಲೆಯೊಂದರ ಸ್ಟಿಕ್ಕರು, ಹಿಂದಿನ ಸೀಟಿನಲ್ಲಿ ಎರಡು ಸ್ಕೂಲ್ ಬ್ಯಾಗು. ಸರಿಯಾದ ಹೋಸು ಕೊರಿಯಾದ ಕಪಾಟಿನಲ್ಲಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಹೊತ್ತು ಮೂಡುವ ಮುನ್ನ ಸಿರಾಜನ್ನು ಎಬ್ಬಿಸಿದ್ದಾರೆ.

"ಕಾಕ, ನಮ್ಮೂರಿನವರ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಹಾಕಿದ್ರೆ ಅರ್ಧ ಗಂಟೆಯ ಕೆಲಸ" ಎನ್ನುತ್ತಾರೆ ಸಿರಾಜ್, ಹದಿನಾಲ್ಕನೆಯ ಕಾರಿನ ಬಳಿ.

ಉಮ್ಮರಬ್ಬ ಮುಂದಿನ ಕಾರಿನತ್ತ ನಡೆಯುತ್ತಾರೆ. ಅದು ಅವರಿಗೆ ಹೊಳೆಯದ ವಿಷಯವೇನಲ್ಲ. ಆ ಗ್ರೂಪಿನಲ್ಲಿ ಶ್ಯಾಮಸುಂದರ್ ಇದ್ದಾರೆ.

ಖೈತಾನಿನ ಕಟ್ಟಡವೊಂದರ ಕೆಳಗೆ, ಕಾರಿನಡಿಯಿಂದ ಕಾಲು ಮಾತ್ರ ಕಾಣುತ್ತಿದ್ದ ಉಮ್ಮರಬ್ಬರನ್ನು ಕಾವಲುಗಾರ ಎಳೆದು ಎಬ್ಬಿಸುತ್ತಾನೆ. ಈಜಿಪ್ಟಿನವನು, ದೊಡ್ಡ ಆಳು, "ಹರಾಮಿ!" ಎಂದು ಕೊರಳಪಟ್ಟಿಗೆ ಕೈ ಹಾಕಿದವನು. ಕಳ್ಳನಲ್ಲವೆಂದು ಅರೆಬರೆ ಅರಬ್ಬಿಯಲ್ಲಿ ಹೇಳುತ್ತಾರೆ: ಬ್ರೇಕು, ಮಕ್ಕಳು, ನನ್ನ ತಪ್ಪು. ಆತ ಕೈ ಬಿಟ್ಟು ಒಳಗೆ ಹೋಗುತ್ತಾನೆ. ಪೊಲೀಸರಿಗೇ ಫೋನ್ ಮಾಡಲು ಹೋದನೆಂದು ಸಿರಾಜ್ ಪಿಕಪ್ ಸ್ಟಾರ್ಟ್ ಮಾಡುತ್ತಾರೆ. ಆತ ತರುವುದು ಒಂದು ದೊಡ್ಡ ಟಾರ್ಚು. "ಯಲ್ಲಾ", ಅಂದರೆ ನಡಿ, ಎಂದು ತಾನೇ ಮರಳಿನ ಮೇಲೆ ಒರಗಿ, ಆ ಸಾಲಿನ ಮೂರು ಬಿಳಿ ಕಾರುಗಳಿಗೂ ಬೆಳಕು ಹಿಡಿಯುತ್ತಾನೆ. ಮೂರರಲ್ಲೂ ಇಲ್ಲ.

ಜುಮಾ ನಮಾಝಿನ ಹೊತ್ತಿಗೆ ಮೂವತ್ತೊಂದು ಕಾರು ಆಗಿದೆ. ಪ್ರತಿ ಯು-ಟರ್ನ್ ಬಳಿ ಉಮ್ಮರಬ್ಬ ಕಣ್ಣು ಮುಚ್ಚುತ್ತಾರೆ. ಮಸೀದಿಯಿಂದ ಹೊರಬಂದು, ಚಪ್ಪಲಿ ಮೆಟ್ಟುವ ಮೊದಲೇ ಸಿರಾಜರ ಮುಂದೆ ಕೈ ಚಾಚುತ್ತಾರೆ.

"ಕೊಡು ಫೋನು. ನಾನೇ ಮಾತಾಡ್ತೇನೆ."

"ಹೆಸರು ಹೇಳ್ಬೇಡಿ ಕಾಕ. ಶುವೈಖಿನ ಒಂದು ಅಂಗಡಿ ಅಂತ ಹೇಳಿ ಸಾಕು."

"ಹೆಸರಿಲ್ಲದ ಮಾತನ್ನು ಯಾರು ನಂಬ್ತಾರೆ ಮಾರಾಯ? ಅವರು ಗಾಡಿ ನಿಲ್ಲಿಸ್ಬೇಕು."

ಅಂಗಡಿಯ ಹೆಸರು, ತಮ್ಮ ಹೆಸರು, ನಿಂತ ಕೌಂಟರು, ಎಲ್ಲವನ್ನೂ ಹೇಳುತ್ತಾರೆ. "ನೀಲಿ ಕೋಟಿನ ತಂಗಿ, ತಪ್ಪು ನನ್ನದು, ನಿಮ್ಮ ಮೆಕ್ಯಾನಿಕ್ಕಿನದಲ್ಲ. ದಯಮಾಡಿ ಗಾಡಿ ಮುಟ್ಬೇಡಿ."

ನಲವತ್ತು ನಿಮಿಷದಲ್ಲಿ ಫೋನ್ ಬರುತ್ತದೆ. ಆಕೆಯ ಹೆಸರು ಸುಪ್ರೀತಾ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಶಿಫ್ಟು ಮುಗಿಸುವ ಗಂಡ ಧನರಾಜ್‌ರನ್ನು ಕರೆತರಲು ಹೊರಟಿದ್ದಾರೆ. ಗೆಳತಿಯೊಬ್ಬಳು ಈಗಷ್ಟೇ ಫೋನ್ ಮಾಡಿ ವಾಯ್ಸ್ ಕೇಳಿಸಿದ್ದಾಳೆ.

"ಕಾಕ, ಎಂಬತ್ತರ ಸ್ಪೀಡಿನಲ್ಲಿದ್ದೇನೆ. ಹಿಂದೆ ಮಕ್ಕಳಿದ್ದಾರೆ. ಬ್ರೇಕ್ ಒತ್ತಲಿಕ್ಕೇ ಹೆದರಿಕೆ ಆಗ್ತಾ ಉಂಟು."

"ಒತ್ಬೇಡಿ ಈಗ. ಆಕ್ಸಿಲೇಟರಿಂದ ಕಾಲು ತೆಗೀರಿ ಅಷ್ಟೆ. ಹಝಾರ್ಡ್ ಹಾಕಿ. ಬಲಕ್ಕೆ ಸ್ವಲ್ಪ ಸ್ವಲ್ಪವೇ ಬನ್ನಿ. ತುಂಬ ತಿರುಗಿಸ್ಬೇಡಿ ತಂಗಿ. ಎಷ್ಟಕ್ಕೆ ಬಂತು?"

"ಐವತ್ತು."

"ಬರ್ಲಿ. ಎಷ್ಟು?"

"ಮೂವತ್ತು... ಅಂಚಿಗೆ ಬಂದೆ."

"ಈಗ ಮೆಲ್ಲ ಒತ್ತಿ."

ಆಮೇಲೆ ಫೋನಿನಲ್ಲಿ ದೊಡ್ಡ ಲಾರಿಗಳು ಹಾದುಹೋಗುವ ಸದ್ದು ಮಾತ್ರ. ನಡುವೆ ಒಂದು ಮಗು, "ಮಮ್ಮಾ, ವೈ ಆರ್ ಯು ಕ್ರೈಯಿಂಗ್?" ಎಂದು ಕೇಳಿದ್ದು. ಗಾಡಿ ನಿಂತಿದೆ.

ಹೆದ್ದಾರಿಯ ಅಂಚಿನಲ್ಲಿ ಉಮ್ಮರಬ್ಬ ಜಾಕ್ ಏರಿಸಿ ಚಕ್ರ ಕಳಚುತ್ತಾರೆ. ಹೋಸಿನ ಬುಡದಲ್ಲಿ, ಲೋಹ ರಬ್ಬರನ್ನು ಕಚ್ಚುವ ಕಡೆ, ಎಣ್ಣೆಯ ಒಂದು ಹನಿ. ಅದನ್ನು ಬೆರಳಿಗೆ ಮುಟ್ಟಿಸಿಕೊಂಡು ಯಾರಿಗೂ ತೋರಿಸದೆ ಒರೆಸುತ್ತಾರೆ. ಮತ್ತೆ ಯೋಚಿಸಿ, ಸುಪ್ರೀತಾರನ್ನು ಕರೆದು ತೋರಿಸುತ್ತಾರೆ.

ಆಕೆಯ ಮುಖ ಬಿಗಿಯುತ್ತದೆ. "ಶಾಲೆಯ ದಿನ ಇದರಲ್ಲಿ ಐದು ಮಕ್ಕಳು ಹೋಗ್ತಾರೆ. ಪಕ್ಕದ ಮನೆಯವರದ್ದೂ ಸೇರಿ. ನಾನು ದಫ್ತರ್ ಬೇಕಾ ಅಂತ ಕೇಳಿದ್ದೆ ಅಲ್ವಾ?"

"ಕೇಳಿದ್ರಿ."

"ಬೇಡ ಅಂದ್ರಿ."

"ಅಂದೆ."

ಹೊಸ ಹೋಸು ಕೂರಿಸಿ, ಒಳಗಿನ ಗಾಳಿ ಹೊರದಬ್ಬಲು ಯಾರಾದರೂ ಪೆಡಲ್ ಒತ್ತಬೇಕು. ಸಿರಾಜ್ ಮುಂದೆ ಬರುತ್ತಾರೆ. "ಬೇಡ, ನಾನೇ ಒತ್ತುತ್ತೇನೆ" ಎಂದು ಸುಪ್ರೀತಾ ಸೀಟಿಗೆ ಏರುತ್ತಾರೆ. ಉಮ್ಮರಬ್ಬರ ತಲೆ ಚಕ್ರದ ಸಂದಿನಲ್ಲಿದೆ. "ಒತ್ತಿ. ಹಿಡ್ಕೊಳ್ಳಿ. ಬಿಡಿ." ಹನ್ನೊಂದು ಸಲ. ಕೊನೆಗೆ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಲು ಹೇಳುತ್ತಾರೆ. ಹೋಸು ಸಡಿಲವಾಗಿ ಬಾಗುತ್ತದೆ, ಜಗ್ಗುವುದಿಲ್ಲ.

"ಬಲಗಡೆಯದ್ದೂ ಹಳತಾಗಿದೆ. ಒಂದು ವಾರದೊಳಗೆ ಬದಲಿಸ್ಬೇಕು. ಬೇರೆ ಅಂಗಡಿಯಲ್ಲಿ ತಗೊಂಡ್ರೂ ಬೇಜಾರಿಲ್ಲ" ಎನ್ನುತ್ತಾರೆ. ಸುಪ್ರೀತಾ ಬಾಗಿಲು ಹಾಕಿಕೊಂಡು ಹೊರಡುತ್ತಾರೆ.

ವಾರದ ರಜೆ ಮುಗಿದ ಭಾನುವಾರ ಶ್ಯಾಮಸುಂದರ್ ಎಂಟಕ್ಕೆ ಬರುತ್ತಾರೆ. "ಎಂತ ಉಮ್ಮರಾಕ, ನಿಮ್ಮ ವಾಯ್ಸ್ ನನಗೆ ಏಳು ಕಡೆಯಿಂದ ಬಂತು. ನನ್ನ ಅತ್ತೆ ಕಾರ್ಕಳದಿಂದ ಕಳಿಸಿದ್ರು ಮಾರಾಯ್ರೆ!" ನಗುವುದಿಲ್ಲ. "ಅಂಗಡಿಯ ಹೆಸರು ಯಾಕೆ ಹೇಳಿದ್ರಿ? ಕಫೀಲರ ಕಿವಿಗೆ ಬಿದ್ರೆ ನನ್ನದೂ ಖಲಾಸ್."

"ನಿಮ್ಮದೇನು ತಪ್ಪಿಲ್ಲ ಅಂತ ನಾನು ಹೇಳ್ತೇನೆ ಸಾರ್."

ಶ್ಯಾಮಸುಂದರ್ ಕ್ಯಾಬಿನ್ನಿಗೆ ಹೋಗಿ ಕೂರುತ್ತಾರೆ, ಮತ್ತೆ ಎದ್ದು ಬಂದು ಕಂಪ್ಯೂಟರನ್ನು ಉಮ್ಮರಬ್ಬರ ಕಡೆಗೆ ತಿರುಗಿಸುತ್ತಾರೆ. "ಚಾಸಿ ನಂಬರ್ ಇಲ್ಲಿ ಹಾಕಿ. ಇಲ್ಲಿ ಒತ್ತಿ. ಕಫೀಲ್ ಬರುವುದರೊಳಗೆ ಕಲೀರಿ. ಮುಂದಿನದ್ದು ನನ್ನ ಕೈಯಲ್ಲಿಲ್ಲ."

ಕಫೀಲ್ ಬರಲು ಹದಿಮೂರು ದಿನವಿದೆ. "ಇಲ್ಲ ಅಂತ ಯಾಕೆ ಹೇಳ್ಲಿ, ಹೆದರಿಕೆ ಉಂಟು" ಎನ್ನುತ್ತಾರೆ ಉಮ್ಮರಬ್ಬ, ಎರಡು ಬೆರಳಿನಲ್ಲಿ ಕೀಲಿ ಹುಡುಕುತ್ತಾ. "ಮೊನ್ನೆಯ ಹೆದರಿಕೆಯಷ್ಟು ದೊಡ್ಡದಲ್ಲ."

ಮಧ್ಯಾಹ್ನ ಒಂದಕ್ಕೆ ಬಿಳಿ ಕಾರು ಗಲ್ಲಿಗೆ ಬರುತ್ತದೆ. ಇಕ್ಕಟ್ಟಿನ ಜಾಗ, ಸ್ಟೇರಿಂಗ್ ಪೂರ್ತಿ ತಿರುಗಿಸದೆ ನಿಲ್ಲಿಸಲಾಗದು. ಉಮ್ಮರಬ್ಬ ಕೌಂಟರ್ ಹಿಡಿದು ಎದ್ದು ನಿಂತು, ಆ ಎಡ ಚಕ್ರ ತಿರುಗಿ ನಿಲ್ಲುವವರೆಗೂ ಉಸಿರು ಬಿಡುವುದಿಲ್ಲ.

ನೀಲಿ ಕೋಟಿನ ಸುಪ್ರೀತಾ ಒಳಗೆ ಬಂದು, "ಬಲಗಡೆಯದ್ದು ಕೊಡಿ" ಎನ್ನುತ್ತಾರೆ. ಉಮ್ಮರಬ್ಬ ಬಾಯಿ ತೆರೆಯುವ ಮೊದಲೇ ದಫ್ತರ್ ಮುಂದಕ್ಕೆ ಬರುತ್ತದೆ. "ಇವತ್ತು ಬೇಡ ಅಂದ್ರೆ ಬಿಡುವವಳಲ್ಲ ನಾನು."

ಉಮ್ಮರಬ್ಬ ಕನ್ನಡಕ ಏರಿಸಿ, ಬೆರಳಿಟ್ಟು, ಕೆ ಅಕ್ಷರದಿಂದ ಶುರುಮಾಡಿ ಚಾಸಿ ನಂಬರಿನ ಹದಿನೇಳನ್ನೂ ಗಟ್ಟಿಯಾಗಿ ಓದುತ್ತಾರೆ. ಒಂದೊಂದನ್ನೇ ಕಂಪ್ಯೂಟರಿಗೆ ಹಾಕುತ್ತಾರೆ. ಹೋಸು ತಂದು, ಟೇಪು ಹಿಡಿದು ಅಳೆದು, ಮತ್ತೊಮ್ಮೆ ಅಳೆಯುತ್ತಾರೆ. ಕಾಲು ಗಂಟೆ ಹಿಡಿಯುತ್ತದೆ. ಸುಪ್ರೀತಾ ಗಡಿಯಾರ ನೋಡುವುದಿಲ್ಲ.

ದಫ್ತರ್ ಹಿಂದಿರುಗಿಸಲು ತಲೆ ಎತ್ತಿದಾಗ, ಆಕೆಯ ಇನ್ನೊಂದು ಕೈಯಲ್ಲಿ ಟವೆಲು ಸುತ್ತಿದ ಸ್ಟೀಲಿನ ಡಬ್ಬಿ. ಮುಚ್ಚಳದ ಎಡೆಯಿಂದ ನೀರುದೋಸೆಯ ಅಂಚು, ಕಡ್ಲೆ ಗಸಿಯ ಘಮ. ದಫ್ತರನ್ನು ತೆಗೆದುಕೊಂಡು, ಇನ್ನೂ ಬಿಸಿಯಾಗಿರುವ ಡಬ್ಬಿಯನ್ನು ಅವರ ಕೈಗೆ ಇಡುತ್ತಾರೆ.