ಗಿರಿಜಾಬಾಯಿಯ ಹೆಸರಿದ್ದ ಪಟ್ಟಿ

ಅಮರೇಶಪ್ಪ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಅರವತ್ತಾರು ವರ್ಷ. ಬರ್ಕತ್‌ಪುರದ ಮನೆಯಲ್ಲಿ ಮಗಳು ಸ್ನೇಹಲತಾ ಚಹಾ ತಂದಿಟ್ಟು ಎಬ್ಬಿಸಿದಾಗ ಏಳಲಿಲ್ಲ. ಹೃದಯ ನಿಂತಿತ್ತು ಅಂದರು ಡಾಕ್ಟರು.

ಲಿಂಗಸುಗೂರಿನಿಂದ ಕಾಲೇಜಿಗೆಂದು ಬಂದವನು ಹೈದರಾಬಾದಿನಲ್ಲೇ ಉಳಿದ. ಮೂಸಿ ವಾಹಿನಿ ಎಂಬ ಸಾರ್ವಜನಿಕ ಟಿವಿ ಕೇಂದ್ರದಲ್ಲಿ ಪ್ರಸಾರದ ವೇಳಾಪಟ್ಟಿ ಬರೆಯುವುದು ಅವನ ಕೆಲಸ. ನಿವೃತ್ತಿಯ ನಂತರವೂ ಅದೇ ಕುರ್ಚಿಯಲ್ಲಿ ಗುತ್ತಿಗೆಯ ಮೇಲೆ ಕುಳಿತಿದ್ದ. ಆದರೆ ಊರಿನ ಕನ್ನಡದವರು ಅವನನ್ನು ಗುರುತಿಸುತ್ತಿದ್ದದ್ದು ಇನ್ನೊಂದು ಪಟ್ಟಿಯಿಂದ.

ಅಬಿಡ್ಸಿನಲ್ಲಿ ಅವನ ಗೆಳೆಯ ಸೂರ್ಯಕಾಂತನ ಹಳೆ ಪುಸ್ತಕದ ಅಂಗಡಿ ಇದೆ. ಅದರ ಮಾಳಿಗೆಯ ಮೇಲೆ ಒಂದು ಕನ್ನಡ ವಾಚನಾಲಯ. ಪ್ರತಿ ಭಾನುವಾರ ಬೆಳಿಗ್ಗೆ ಅಮರೇಶಪ್ಪ ಅಲ್ಲಿಯ ಹಲಗೆಗೆ ಒಂದು ಹಾಳೆ ಚುಚ್ಚುತ್ತಿದ್ದ. ಮುಂದಿನ ವಾರ ಬರಲಿರುವ ಸಾಕ್ಷ್ಯಚಿತ್ರಗಳು, ನಾಟಕಗಳು, ಕನ್ನಡದಲ್ಲಿ, ಕೈಬರಹದಲ್ಲಿ. ತೆಲುಗು ಓದಲು ಬಾರದ ಹಿರಿಯರಿಗೆಂದು ಶುರುಮಾಡಿದ್ದು, ಮೂವತ್ತು ವರ್ಷ ನಡೆಯಿತು. ಪ್ರತಿ ಕಾರ್ಯಕ್ರಮದ ಕೆಳಗೆ ತನ್ನದೊಂದು ಸಾಲು ಬೇರೆ. 'ಹುಸೇನ್ ಸಾಗರದ ದೋಣಿಯವರು: ಮೊದಲ ಹತ್ತು ನಿಮಿಷ ಸಪ್ಪೆ, ಎದ್ದು ಹೋಗಬೇಡಿ.' 'ನಾಟಕ ತೆಲುಗಿನದು. ಅತ್ತೆ ಸೊಸೆಯ ಜಗಳಕ್ಕೆ ಅನುವಾದ ಬೇಕಿಲ್ಲ.' ಪಟ್ಟಿ ಎಂದೂ ತಪ್ಪುತ್ತಿರಲಿಲ್ಲ. ಜನ ಪೇಪರು ಬಿಟ್ಟು ಅದನ್ನು ನಂಬುತ್ತಿದ್ದರು. ಪಟ್ಟಿಯ ಕೆಳಗೆ ತನ್ನ ಹೆಸರು ಮಾತ್ರ ಅವನು ಬರೆಯುತ್ತಿರಲಿಲ್ಲ.

ತಪ್ಪದಿರಲು ಕಾರಣವಿತ್ತು. ಕೇಂದ್ರದಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಎರಡು ಹಾಳೆ ತಯಾರಾಗುತ್ತಿದ್ದವು. ಚಿತ್ರೀಕರಣದ ಹಾಳೆಯಲ್ಲಿ ಕ್ಯಾಮೆರಾದ ಮುಂದೆ ಕುಳಿತ ಎಲ್ಲರ ಹೆಸರಿರುತ್ತಿತ್ತು. ಸಂಕಲನ ಮುಗಿದ ಮೇಲೆ, ಬುಧವಾರ, ಕೊನೆಯ ಹಾಳೆ ಬರುತ್ತಿತ್ತು, ಅದರಲ್ಲಿ ಉಳಿದವರಷ್ಟೇ. ಭಾನುವಾರದ ಪಟ್ಟಿಗೆ ಕೊನೆಯ ಹಾಳೆ ಸಿಗುವುದಿಲ್ಲವಾದ್ದರಿಂದ ಅಮರೇಶಪ್ಪ ಕಾರ್ಯಕ್ರಮದ ಹೆಸರು, ವೇಳೆ ಬರೆಯುತ್ತಿದ್ದ, ಮನುಷ್ಯರ ಹೆಸರು ಬರೆಯುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲ ಬರೆದ.

ಗಿರಿಜಾಬಾಯಿಗೆ ಈಗ ಎಪ್ಪತ್ತೇಳು. ಕಲಬುರಗಿ ಕಡೆಯವರು, ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಮಿಲ್ಲಿನ ಕಾಲನಿಯ ಗಣೇಶೋತ್ಸವದಲ್ಲಿ ಏಳು ವರ್ಷ ನಾಟಕ ಮಾಡಿದ್ದರು. ಮಾವ ನಿಲ್ಲಿಸಿದ. ಒಂದು ಫೋಟೋ ಸಹಿತ ಉಳಿದಿಲ್ಲ. ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. "ಅತ್ತಿಯಾರು ನಾಟಕಾ ಮಾಡೂದು ನಮಗೇನ್ ಹೊಸಾದಲ್ಲರಿ, ದಿನಾ ನೋಡಾಕತ್ತೀವಲ್ಲ" ಅನ್ನುತ್ತಿದ್ದಳು ಸೊಸೆ ಸಪ್ನಾ, ಬಂದವರ ಎದುರಿಗೇ.

ಅಮರೇಶಪ್ಪ ನಂಬಿದ್ದ. ನೋಡಿದ್ದ ಕೂಡ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಊರಿನ ನೆನಪು ಕಾಡುತ್ತಿದ್ದ ಹೊತ್ತಿನಲ್ಲಿ, ಆ ಕಾಲನಿಯ ಚಪ್ಪರದಡಿ ನಿಂತು ಆಕೆಯ ಮಾತು ಕೇಳಿ ಅತ್ತಿದ್ದ. ಹಾಗಾಗಿ ಕೇಂದ್ರದವರು ನಗರದ ಹಳೆಯ ಹವ್ಯಾಸಿ ನಾಟಕಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾರೆ ಅಂದಾಗ ಗಿರಿಜಾಬಾಯಿಯ ಹೆಸರು ಕೊಟ್ಟವನು ಅವನೇ. ಚಿತ್ರೀಕರಣದ ದಿನ ಜೊತೆಗೂ ಹೋದ. ಆಕೆ ಎರಡು ತಾಸು ಮಾತಾಡಿದರು. ಕೊನೆಗೆ ಎದ್ದು, ಸೆರಗು ಬಿಗಿದು, ಮಗನನ್ನು ಮನೆಯಿಂದ ಹೊರಗೆ ಹಾಕುವ ತಾಯಿಯ ಮಾತನ್ನು ಒಂದಕ್ಷರ ಮರೆಯದೆ ಹೇಳಿದರು. ಕ್ಯಾಮೆರಾದವನು ಕಣ್ಣೊರೆಸಿಕೊಂಡ.

ಆ ಭಾನುವಾರ ಅಮರೇಶಪ್ಪ ಬರೆದ: 'ಮುಂದಿನ ಭಾನುವಾರ, ಸಂಜೆ ಐದು. ನಮ್ಮ ಗಿರಿಜಾಬಾಯಿಯವರ ಮಾತು ಮತ್ತು ಅಭಿನಯ. ತಪ್ಪಿಸಬೇಡಿ.'

ಸುದ್ದಿ ತಿಳಿದು ಗಿರಿಜಾಬಾಯಿ ಅಂದೇ ಮೆಟ್ರೋ ಹತ್ತಿ ವಾಚನಾಲಯಕ್ಕೆ ಬಂದರು. ಪಟ್ಟಿಯನ್ನು ಯಾರೂ ಹಲಗೆಯಿಂದ ತೆಗೆಯುವಂತಿರಲಿಲ್ಲ. ಅವರು ತೆಗೆದರು. "ನಮ್ಮ ಸಪ್ನಾಗ ತೋರ್ಸಬೇಕು, ಸೂರ್ಯಕಾಂತ" ಅಂದರು. ಸೂರ್ಯಕಾಂತ ನಕ್ಕು, ಒಂದು ಪ್ಲಾಸ್ಟಿಕ್ ಕವರು ಹುಡುಕಿ ಕೊಟ್ಟ.

ಬುಧವಾರ ಕೊನೆಯ ಹಾಳೆ ಬಂತು. ಒಂದು ತಾಸಿನ ಕಾರ್ಯಕ್ರಮ ಅರ್ಧ ತಾಸಾಗಿತ್ತು. ಗಿರಿಜಾಬಾಯಿಯ ಹೆಸರಿರಲಿಲ್ಲ. ನಿರ್ಮಾಪಕ ಮಹೇಶಕುಮಾರ ಕೆಟ್ಟವನಲ್ಲ. ಕನ್ನಡದ ಭಾಗಕ್ಕೆ ಜಾಗ ಸಾಲಲಿಲ್ಲ, ಈಗ ಏನೂ ಮಾಡಲಾಗದು ಎಂದು ತೆಲುಗಿನಲ್ಲಿ ಸಮಾಧಾನವಾಗಿಯೇ ಹೇಳಿದ.

ಅಮರೇಶಪ್ಪ ಅಲ್ಲಿಂದ ನೇರವಾಗಿ ಸೂರ್ಯಕಾಂತನ ಅಂಗಡಿಗೆ ಬಂದ.

"ಈಗ ಏನ್ ಮಾಡ್ಲಿ?"

"ಏನ್ ಮಾಡ್ತಿಪಾ, ಸುಮ್ನಿರು. ಸರ್ಕಾರಿ ಟಿವಿ ಯಾರ್ ನೋಡ್ತಾರ ಈಗ? ಯಾರಿಗೂ ಗೊತ್ತಾಗೂದಿಲ್ಲ."

ಗುರುವಾರ ಹೇಳಿಯೇ ಬಿಡಬೇಕೆಂದು ಮಿಯಾಪುರಕ್ಕೆ ಹೋದ. ಬಾಗಿಲು ತೆರೆದದ್ದು ಸಪ್ನಾ. "ಬರ್ರಿ ಮಾಮಾ, ನಿಮ್ಮ ಹೀರೋಯಿನ್ ಬ್ಯೂಟಿ ಪಾರ್ಲರಿಗಿ ಹೋಗಬೇಕಂತ ಹಟಾ ಹಿಡದಾರ." ಅವಳ ದನಿಯಲ್ಲಿ ಕುಹಕವಿರಲಿಲ್ಲ, ಸಲಿಗೆಯಿತ್ತು. ಕವರಿನಲ್ಲಿದ್ದ ಪಟ್ಟಿ ಟಿವಿಯ ಪಕ್ಕದಲ್ಲಿ ನಿಂತಿತ್ತು. ಗಿರಿಜಾಬಾಯಿ ಶೇಂಗಾ ಹೋಳಿಗೆ ಬಡಿಸಿದರು. ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನ ದೊಡ್ಡ ಟಿವಿಯಲ್ಲಿ ಎಲ್ಲರಿಗೂ ತೋರಿಸುವುದು, ಕಲಬುರಗಿಯಿಂದ ನಾದಿನಿ ಬರುವುದು, ಯಾವ ಸೀರೆ, ಎಲ್ಲ ಹೇಳಿದರು. ಅವನು ಕೇಳುತ್ತ ಒಂದು ಹೋಳಿಗೆ ತಿಂದ. ಒತ್ತಾಯಕ್ಕೆ ಇನ್ನೊಂದು. ಕೈ ತೊಳೆದುಕೊಂಡು ಬಂದುಬಿಟ್ಟ.

ಭಾನುವಾರ ಫೋನು ಬಂದ್ ಮಾಡಿ ಮನೆಯಲ್ಲಿ ಕುಳಿತು ನೋಡಿದ. ಕೊನೆಯ ಕೃತಜ್ಞತೆಯಲ್ಲೂ ಆಕೆಯ ಹೆಸರು ಬರಲಿಲ್ಲ.

ಮಿಯಾಪುರದಲ್ಲಿ ನಡೆದದ್ದನ್ನು ಸೂರ್ಯಕಾಂತ ಹೇಳಿದ. ಅವನನ್ನೂ ಕರೆದಿದ್ದರು, ಎಲ್ಲ ಗೊತ್ತಿದ್ದೂ ಹೋಗಿ ಎರಡನೇ ಸಾಲಿನಲ್ಲಿ ಕುಳಿತಿದ್ದ. ಮೂವತ್ತು ಜನ ಇದ್ದರು. ಹದಿನೈದು ನಿಮಿಷ ಕಳೆದ ಮೇಲೆ ಜನ ಟಿವಿ ಬಿಟ್ಟು ಗಿರಿಜಾಬಾಯಿಯ ಮುಖ ನೋಡತೊಡಗಿದರು. ಮುಗಿದಾಗ ಆಕೆ ಕವರಿನಿಂದ ಪಟ್ಟಿ ತೆಗೆದು ಮೇಲೆತ್ತಿ, "ಅಮರೇಶಪ್ಪಾರು ಬರದಾರಂದ್ರ ಬಂದ ಬರತೈತಿ. ಮುಂದಿನ ವಾರ ಇರಬೇಕು" ಅಂದರು. ಯಾರೂ ನಗಲಿಲ್ಲ. ದಿನವೂ ಚೇಷ್ಟೆ ಮಾಡುವ ಸಪ್ನಾ ಟಿವಿ ಆರಿಸಿ, "ಎಲ್ಲಾರೂ ಚಹಾ ತಗೋರಿ" ಅಂದಳು. ಅವಳು ಅತ್ತೆಯನ್ನು ಅಣಕಿಸದಿದ್ದದ್ದನ್ನೇ ನೋಡಲಾಗಲಿಲ್ಲ ಅಂದ ಸೂರ್ಯಕಾಂತ.

ಆಮೇಲೆ ಮೂರು ಭಾನುವಾರ ಹಲಗೆ ಖಾಲಿ ಇತ್ತು. ಅಮರೇಶಪ್ಪ ಅಬಿಡ್ಸಿನ ಕಡೆ ಬರಲಿಲ್ಲ. ಗಿರಿಜಾಬಾಯಿಯ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಊಟಕ್ಕೆ ಕುಳಿತವನು ತಟ್ಟೆ ನೋಡುತ್ತಲೇ ಇರುತ್ತಿದ್ದ ಅನ್ನುತ್ತಾಳೆ ಸ್ನೇಹಲತಾ.

ಮೊನ್ನೆ ಸೋಮವಾರ, ತೀರಿಕೊಳ್ಳುವ ಹಿಂದಿನ ದಿನ, ಎದ್ದು, ಗಡ್ಡ ಮಾಡಿಕೊಂಡು, ಮಿಯಾಪುರಕ್ಕೆ ಹೋದ. ಈ ಸಲ ನಿಂತೇ ಹೇಳಿದ.

"ಅಕ್ಕಾರ, ಅದು ಮುಂದಿನ ವಾರಾನೂ ಬರೂದಿಲ್ಲ. ನಿಮ್ಮ ಭಾಗ ತಗದುಬಿಟ್ಟಾರ. ತಪ್ಪು ನಂದು."

"ನಿಮಗ ಯಾವಾಗ ಗೊತ್ತಾತು?"

"ಟಿವ್ಯಾಗ ಬರೂಕಿಂತ ಮೊದಲ, ಬುಧವಾರ."

ಗಿರಿಜಾಬಾಯಿ ಬೆರಳಲ್ಲಿ ದಿನ ಎಣಿಸಿದರು. "ಗುರುವಾರ ಇಲ್ಲೇ ಕುಂತು ಹೋಳಿಗಿ ತಿಂದ್ರಿ."

"ತಿಂದೀನ್ರಿ."

"ಎರಡು ತಿಂದ್ರಿ."

"ಹೂಂನ್ರಿ, ಎರಡು."

"ಹಂಗಂದ್ರ ನನಗಿಂತ ಛಲೋ ನಟ ನೀವು. ಮುಖದ ಮ್ಯಾಲ ಏನೂ ತೋರಸ್ಲಿಲ್ಲ ನೋಡ್ರಿ."

ಅವತ್ತು ಬಂದಿದ್ದವರನ್ನೆಲ್ಲ ಕರೆಸಿದರೆ ಅವರ ಎದುರು ತಪ್ಪೊಪ್ಪಿಕೊಳ್ಳುವುದಾಗಿ ಅಮರೇಶಪ್ಪ ಹೇಳಿದ. ಆಕೆಗೆ ಆಗಲೇ ಸಿಟ್ಟು ಬಂದದ್ದು.

"ಅವರ ಮುಂದ ನನಗ ಆಗೂದು ಆಗಿಹೋತು. ಈಗ ನಿಮ್ಮ ಎದಿ ಹಗುರಾಗ್ಲಂತ ಅವರನ್ನ ಮತ್ತ ಕರಿಲೇನು?" ಒಳಗೆ ಹೋಗಿ ಕವರು ತಂದು ಅವನ ಕೈಯಲ್ಲಿಟ್ಟರು. "ಇದನ್ನ ಎಲ್ಲಿತ್ತೋ ಅಲ್ಲೇ ಹಚ್ಚ್ರಿ. ಮಗ್ಗಲಕ್ಕ ಖರೇದು ಬರದು ಹಚ್ಚ್ರಿ. ಕನ್ನಡದಾಗ ಸುಳ್ಳಾತು, ಕನ್ನಡದಾಗ ತಿದ್ದ್ರಿ."

ಕೂಡಲು ಹೇಳಲಿಲ್ಲ. ಚಹಾ ಕೇಳಲಿಲ್ಲ. ಅವನು ಇಳಿದು ಬಂದ.

ಮಧ್ಯಾಹ್ನ ವಾಚನಾಲಯದ ಮೇಜಿನ ಮುಂದೆ ಕುಳಿತು ಬರೆದ: 'ಗಿರಿಜಾಬಾಯಿಯವರು ಆ ಕಾರ್ಯಕ್ರಮದಲ್ಲಿ ಇರಲಿಲ್ಲ. ಚಿತ್ರೀಕರಣದಲ್ಲಿ ಇದ್ದರು, ನಾನು ಕಣ್ಣಾರೆ ನೋಡಿದ್ದೇನೆ. ಮಿಲ್ಲಿನ ಕಾಲನಿಯ ಗಣೇಶೋತ್ಸವದ ನಾಟಕದಲ್ಲೂ ನೋಡಿದ್ದೇನೆ. ಇಬ್ಬರೂ ಒಂದೇ ಗಿರಿಜಾಬಾಯಿ. ಅವರ ಭಾಗ ತೆಗೆದದ್ದು ನನಗೆ ನಾಲ್ಕು ದಿನ ಮೊದಲೇ ತಿಳಿದಿತ್ತು. ಹೇಳಲಿಲ್ಲ.'

ಸೂರ್ಯಕಾಂತ ಹಿಂದೆ ನಿಂತು ಓದಿದ. "ಕಡೀ ಸಾಲು ತಗಿಯೋ. ಯಾರಿಗೂ ಗೊತ್ತಾಗೂದಿಲ್ಲ."

"ಅವತ್ತೂ ಹಿಂಗ ಅಂದಿದ್ದಿ" ಅಂದ ಅಮರೇಶಪ್ಪ, ತಲೆ ಎತ್ತದೆ. ಸೂರ್ಯಕಾಂತ ಪಿನ್ನಿನ ಡಬ್ಬಿ ತಂದು ಮೇಜಿನ ಮೇಲಿಟ್ಟ.

ಅಮರೇಶಪ್ಪ ಹಳೆಯ ಪಟ್ಟಿಯನ್ನು ಕವರಿನಿಂದ ತೆಗೆದು ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ. ಪಕ್ಕದಲ್ಲಿ ಹೊಸ ಹಾಳೆ, ಅದಕ್ಕೂ ನಾಲ್ಕು. ಮೆಟ್ಟಿಲವರೆಗೆ ಹೋದವನು ತಿರುಗಿ ಬಂದ. ಜೇಬಿನಿಂದ ಪೆನ್ನು ತೆಗೆದು, ಎರಡೂ ಹಾಳೆಗಳ ಕೆಳಗೆ ತನ್ನ ಹೆಸರು ಬರೆದ.