ಚಿಟ್ಟೆ ಹೊರಬಂದ ಸೋಮವಾರ

ಎಂ.ಕಾಂ. ಓದುವ ಮಕ್ಕಳಿಗೆ ಉದ್ಯಮ ಕಟ್ಟುವುದು ಹೇಗೆಂದು ನಾನು ಪಾಠ ಹೇಳುತ್ತಿದ್ದೆ. ಜೀವಮಾನದಲ್ಲಿ ಒಂದು ಗುಂಡುಸೂಜಿಯನ್ನೂ ಮಾರಿದವಳಲ್ಲ, ಅದು ಬೇರೆ ಮಾತು. ಆ ವರ್ಷ ಮಕ್ಕಳು ಕೈಯಾರೆ ದುಡಿದೇ ಕಲಿಯಲಿ ಅನ್ನಿಸಿತು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹಿರಿಯರೊಬ್ಬರು ವಾರದ ಮಟ್ಟಿಗೆ ತಮ್ಮ ಯಂತ್ರ ಬಿಟ್ಟುಕೊಡಲು ಒಪ್ಪಿದರು. ಮಕ್ಕಳೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು.

ರೇಷ್ಮೆಗೂಡು ತಂದವಳು ನಮ್ಮ ವಿದ್ಯಾರ್ಥಿನಿಯೇ, ಗುಡೇಮಾರನಹಳ್ಳಿಯವಳು. ಅವಳ ಅವ್ವ ಹುಳುಗಳಿಗೆ ಸೊಪ್ಪು ಹಾಕಿ ಸಾಕಿ ತೆಗೆದ ಇಡೀ ಬೆಳೆಯನ್ನು ಮಾರುಕಟ್ಟೆಗೆ ಕಳಿಸದೆ, ಮಗಳ ಓದಿಗಾಗಲಿ ಎಂದು ನಮ್ಮ ಕೈಗೆ ಕೊಟ್ಟಿದ್ದಳು. ನೂಲು ಮಾರಿ ಬಂದದ್ದೇ ಆ ಸಲ ಅವರ ಮನೆಗೆ ಆಧಾರ.

ಗುರುವಾರ ಗೂಡನ್ನು ನಮ್ಮ ವಿಭಾಗದ ಕೋಣೆಯಲ್ಲಿ ಹರವಿದೆವು. "ಮೊದಲು ಯೋಜನಾ ವರದಿ, ಆಮೇಲೆ ಕೆಲಸ" ಅಂದೆ.

ಆ ಹುಡುಗಿ ಎದ್ದು ನಿಂತಳು. "ಮೇಡಂ, ನಾಳೇನೇ ಹಬೆಗೆ ಹಾಕ್ಬುಡ್ಬೇಕು. ಇಲ್ದಿದ್ರೆ ಒಳಗಿರೋ ಹುಳ ಚಿಟ್ಟೆಯಾಗಿ, ಗೂಡು ತೂತು ಮಾಡ್ಕಂಡು ಬಂದ್ಬುಡ್ತವೆ."

"ಯಾವ ಪುಸ್ತಕದಲ್ಲಿದೆ? ಆಧಾರ ಬರೆದು ತಾ" ಅಂದೆ. ತರಗತಿ ಗೊಳ್ಳೆಂದು ನಕ್ಕಿತು. ಭಾರೀ ಜಾಣತನದ ಮಾತಾಡಿದೆ ಅಂದುಕೊಂಡಿದ್ದೆ ನಾನು. ಹುಡುಗಿ ಕೂತುಬಿಟ್ಟಳು.

ಸೋಮವಾರ ಬೆಳಿಗ್ಗೆ ಕೋಣೆಯ ಬೀಗ ತೆಗೆದೆ. ಗೋಡೆಯ ಬುಡ, ಕುರ್ಚಿಯ ಕಾಲು, ಮೇಜಿನ ಮೇಲಿಟ್ಟಿದ್ದ ವರದಿಯ ಹಾಳೆ, ಎಲ್ಲೆಲ್ಲೂ ಬಿಳಿ ಚಿಟ್ಟೆಗಳು. ಹಾರಲಾಗದೆ ರೆಕ್ಕೆ ಬಡಿಯುತ್ತ ತೆವಳುತ್ತಿದ್ದವು. ಗೂಡು ಗೂಡಿಗೂ ತೂತು. ಚಾಚಾಗೆ ಹೇಳಿಕಳಿಸಿದೆ.

ಚಾಚಾ ಬಂದು ಒಂದು ಗೂಡನ್ನು ಬೆಳಕಿಗೆ ಹಿಡಿದು ನೋಡಿದರು. "ಎಳೆಯೆಲ್ಲಾ ತುಂಡಾಗೈತೆ ಮೇಡಂ. ಇದ್ರಲ್ಲಿ ನೂಲು ಬರಾಕಿಲ್ಲ. ಒಬ್ರಿಗೂ ತಿಳೀಲಿಲ್ವಾ?"

ನಾನು ಪಕ್ಕದಲ್ಲೇ ನಿಂತಿದ್ದ ಹುಡುಗಿಯ ಮುಖ ನೋಡಲಿಲ್ಲ.

ಅದೇ ಮಧ್ಯಾಹ್ನ ನಾನೂ ಹುಡುಗಿಯೂ ಬಸ್ಸು ಹತ್ತಿ ಅವಳ ಊರಿಗೆ ಹೋದೆವು. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತು ಜೋಡಿಸಿಕೊಂಡಿದ್ದೆ. ಗೂಡು ಹಾಳಾಯಿತು ಎನ್ನುವಷ್ಟರಲ್ಲೇ ಅವಳ ಅವ್ವ ಕಂಬ ಹಿಡಿದುಕೊಂಡಳು. ನನ್ನನ್ನಲ್ಲ, ಮಗಳನ್ನು ಕೇಳಿದಳು.

"ಹುಟ್ದಾಗ್ಲಿಂದ ಗೂಡಿನ ಮಧ್ಯೇನೇ ಬೆಳ್ದವ್ಳು. ನಿಂಗೂ ಗೊತ್ತಾಗ್ನಿಲ್ವೇನೇ?"

"ಮರ್ತೋಗ್ಬುಟ್ಟೆ ಕಣವ್ವ" ಅಂದಳು ಹುಡುಗಿ.

ಇವಳು ಹೇಳಿದ್ದಳು, ಕೇಳದವಳು ನಾನು ಎಂದು ಆಗಲೇ ಬಾಯಿ ತೆರೆಯಬೇಕಿತ್ತು. ತಾಯಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಮೇಷ್ಟ್ರಮ್ಮ ದೂರದಿಂದ ಬಂದಿದ್ದಾರೆಂದು ಕಾಫಿ ಮಾಡಿ ತಂದಳು. ಕುಡಿದೆ.