ತಂತಿಯ ಮೇಲಿನ ಇಳಕಲ್ ಸೀರೆ

ಪುಣೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಮೂಡಲಗಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಕಾಕಾನ ಮಾಳಿಗೆಯ ಮೇಲೆ ಬಿದಿರಿನ ಗಳ ನೆಟ್ಟು, ಅದರ ತುದಿಯಿಂದ ಮಾಳಿಗೆಯಂಚಿನ ಮೋಟುಗೋಡೆ, ಅಂದರೆ ಕುಂಬಿಯವರೆಗೆ ತಾಮ್ರದ ತಂತಿ ಎಳೆದದ್ದು. ಎರಡನೆಯ ಮಹಾಯುದ್ಧಕ್ಕೆ ಕೆಲ ವರ್ಷ ಮೊದಲಿನ ಮಾತು. ಎಷ್ಟು ವರ್ಷವೆಂದು ಕೇಳಬೇಡಿ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಕೆಳಗಿನ ಕೋಣೆಯಲ್ಲಿ ನಾನೇ ಕಟ್ಟಿದ ಒಂದು ವಾಲ್ವಿನ ರೇಡಿಯೋ ಇತ್ತು. ಪುಣೆಯಲ್ಲಿದ್ದ ಗೆಳೆಯನಿಗೆ ಹವ್ಯಾಸಿ ರೇಡಿಯೋದ ಪರವಾನಗಿ ಸಿಕ್ಕಿತ್ತು. ರವಿವಾರ ಮಧ್ಯಾಹ್ನ ಅವನು ಮೋರ್ಸ್ ಸಂಕೇತದಲ್ಲಿ ಕಟಕಟ ಬಡಿಯಬೇಕು, ನಾನು ಕೇಳಬೇಕು. ಆದರೆ ರೇಡಿಯೋ ಅಲೆಗಳಲ್ಲಿ ಅವನ ಪಕ್ಕದಲ್ಲೇ ಒಂದು ದೊಡ್ಡ ಬಾನುಲಿ ನಿಲಯದ ಗಾಯಕ ಕೂತಿದ್ದ. ಗೆಳೆಯ ಶುರುಮಾಡಿದನೆಂದರೆ ಅವನೂ ಆಲಾಪ ಎತ್ತುತ್ತಿದ್ದ. ಒಬ್ಬನನ್ನು ತಡೆದು ಇನ್ನೊಬ್ಬನನ್ನು ಬಿಡುವ ಫಿಲ್ಟರ್ ಬೇಕಾಯಿತು.

“ಫಿಲ್ಟರ್ ಅಂದ್ರ?” ಎಂದಳು ಚಿಗವ್ವ, ಅಂದರೆ ಕಾಕಾನ ಹೆಂಡತಿ.

“ಸಾಣಿಗಿ ಇದ್ಧಂಗ. ಬ್ಯಾಡಾದ್ದನ್ನ ಸೋಸತೈತಿ.”

“ಹಾಡು ಸೋಸಿ ಕಟಕಟ ಇಟಗೋತಿಯೇನ? ಹಿಟ್ಟು ಒಗದು ತೌಡು ತಿನ್ನಾಂವ ನೀನ ಒಬ್ಬಾಂವ.”

ಸ್ಫಟಿಕ ಹಾಕಿದ ಫಿಲ್ಟರ್ ಬಹಳ ಒಳ್ಳೆಯದು, ಆದರೆ ವಿಲಾಯತಿಯಿಂದ ಬರಬೇಕು. ಅಷ್ಟೇ ದುಡ್ಡನ್ನು ಕಾಕಾ ಎಮ್ಮೆಗೆಂದು ಕೂಡಿಸಿಟ್ಟಿದ್ದ. ಇನ್ನೊಂದು ವಾಲ್ವ್ ಸೇರಿಸಬಹುದಿತ್ತು, ಆದರೆ ಅದು ಬ್ಯಾಟರಿಯನ್ನು ಕುಡಿದು ಹಾಕುತ್ತಿತ್ತು. ಉಳಿದದ್ದು ಒಂದು ಸುರುಳಿ, ಒಂದು ಕಂಡೆನ್ಸರ್. ಸುರುಳಿ ಸುತ್ತಲು ಗೋಕಾಕದ ಆಟಿಕೆ ಮಾಡುವವನಿಂದ ಮರದ ಉರುಳೆ ಮಾಡಿಸಿದೆ. ಸಾದಾ ಮರ ಸಾಕೆಂದಿದ್ದೆ. ಅವನಿಗೆ ಮನಸ್ಸು ಬರಲಿಲ್ಲವೇನೋ, ಕೆಂಪು ಹಸಿರು ಬಣ್ಣದ ಪಟ್ಟೆ ಹಾಕಿ ಕೊಟ್ಟಿದ್ದ.

ಅಷ್ಟರಲ್ಲಿ ಹೀರೆಬಳ್ಳಿಯ ಹಂದರಕ್ಕೆಂದು ಕಾಕಾನ ಕಣ್ಣು ನನ್ನ ಗಳದ ಮೇಲೆ ಬಿತ್ತು. ಗೋಕಾಕದ ಧಬಧಬೆ ಜಲಪಾತ ನೋಡಲು ಬಂದಿದ್ದ ಪುಣೆಯ ಗೆಳೆಯ ಹಿಂದಿರುಗುವಾಗ ಕಾಕಾ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿ ನನ್ನತ್ತ ತಿರುಗಿದ.

“ಮುಂದಿನ ರವಿವಾರ ಇಂವ ನಾ ಹೇಳಿದ್ದನ್ನ ಬಡೀತಾನ. ನೀ ಕೇಳಿ ಹೇಳಿದಿ, ಗಳ ನಿಂದು. ಇಲ್ಲಂದ್ರ ಹೀರಿಬಳ್ಳೀದು.”

ರವಿವಾರ ಬಂತು. ಎಲ್ಲರಿಗೂ ಕೇಳಲೆಂದು ಹೆಡ್‌ಫೋನನ್ನು ತಾಮ್ರದ ಬೋಗುಣಿಯಲ್ಲಿಟ್ಟೆ. ಬೋಗುಣಿಯಿಂದ ಗಾಯಕ ಗಂಟಲು ಬಿಚ್ಚಿದ. ಪಟ್ಟೆಯ ಸುರುಳಿ ಜೋಡಿಸಿ ಕಂಡೆನ್ಸರ್ ತಿರುಗಿಸಿದೆ. ಅವನು ತಾನಕ್ಕೆ ಏರಿದ.

“ಬಿ.ಎಸ್ಸಿ. ಸಾಹೇಬ್ರ, ನಿಮ್ಮ ಸಾಣಿಗಿ ತೂತು ಭಾಳ ದೊಡ್ಡೂ ಅದಾವ್ರಿ,” ಎಂದ ಕಾಕಾ. ಅವನ ಕೈಯಲ್ಲಾಗಲೇ ಕುಡುಗೋಲು ಇತ್ತು.

ಚಿಗವ್ವ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆ ಹತ್ತಿದಳು. ಸ್ವಲ್ಪ ಹೊತ್ತಿಗೆ ಗಾಯಕ ಬಾವಿಗೆ ಇಳಿದವನಂತೆ ಸಣ್ಣಗಾದ. ಅವನ ಹಿಂದಿನಿಂದ ಸಣ್ಣ ಸಿಳ್ಳು ತುಂಡು ತುಂಡಾಗಿ ಬಂತು. ನನ್ನ ಗೆಳೆಯ! ನಾನು ಕಣ್ಣು ಮುಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಕೂಗಿದೆ.

“ನನ್ನ… ಹೆಂಡತಿ…”

ಕಾಕಾ ಕುಡುಗೋಲು ಕೆಳಗಿಟ್ಟ. “ಆತು ಬಿಡು, ಗಳ ನಿಂದ. ಬಂದ್ ಮಾಡು.”

“ಬಂದ್ ಯಾಕ್ರಿ?” ಮಾಳಿಗೆಯಿಂದ ಇಳಿಯುತ್ತಿದ್ದ ಚಿಗವ್ವ ನಿಚ್ಚಣಿಕೆಯ ಮೇಲೇ ನಿಂತಳು. “ಕೇಳೋ ತಮ್ಮಾ, ಪೂರ್ತಿ ಕೇಳು.”

ವಿಜ್ಞಾನ ಓದಿದವನು ಪ್ರಯೋಗವನ್ನು ಅರ್ಧಕ್ಕೆ ಬಿಡಬಾರದು. ಬಿಡಲಿಲ್ಲ. “ಗೊರಕಿ… ಹೊಡಿತಾಳ.”



“ಪುಣೆ ತನಕ ಹೇಳಿ ಕಳಿಸೀರಿ?” ಎಂದವಳೇ ಚಿಗವ್ವ ಮತ್ತೆ ಮೇಲೆ ಹತ್ತಿ ಹರವಿದ್ದ ಹಸಿ ಇಳಕಲ್ ಸೀರೆ ಎಳೆದುಕೊಂಡಳು. ಆ ಕ್ಷಣವೇ ಗಾಯಕ ಬಾವಿಯಿಂದ ಎದ್ದು ಬಂದ.

ಅವಳು ಸೀರೆಯನ್ನು ನನ್ನ ತಂತಿಯ ಮೇಲೆ ಒಣಹಾಕಿದ್ದಳೆಂದು ತಿಳಿದದ್ದು ಆಗ. ಹಾಗಾದರೆ ಗಾಯಕನನ್ನು ಅಡಗಿಸಿದ್ದು ನನ್ನ ಸುರುಳಿಯೋ ಅವಳ ಸೀರೆಯೋ? ಪರೀಕ್ಷೆಗೆಂದು ನನ್ನದೇ ಧೋತರ ತೋಯಿಸಿ ಹಾಕಿದೆ. ಗಾಯಕ ಜಗ್ಗಲಿಲ್ಲ. ಧೋತರ ಮಡಚಿದ್ದರಿಂದ ಗಿಡ್ಡವಾಗಿ, ಗಾಳಿಯಲ್ಲಿ ತೂಗುತ್ತಿತ್ತು. ಸೀರೆಯ ಸೆರಗು ಕುಂಬಿಯ ಹಸಿ ಮಣ್ಣಿಗೆ ತಾಗಿತ್ತು, ಜೋರು ದನಿ ಅದರಲ್ಲಿ ಸೋರಿಹೋಗಿರಬೇಕು. ಹೀಗೆಂದು ಆಗ ಊಹಿಸಿದೆನೋ, ಮುಂದೆ ಪುಸ್ತಕದಲ್ಲಿ ಓದಿ ನೆನಪಿಗೆ ಅಂಟಿಸಿಕೊಂಡೆನೋ, ಹೇಳಲಾರೆ. ಸೀರೆ ಹಸಿರಿತ್ತೆಂದು ನಾನು ಹೇಳುತ್ತೇನೆ, ಚಿಗವ್ವ ಕೊನೆಯವರೆಗೂ ಕೆಂಪೆನ್ನುತ್ತಿದ್ದಳು.

ಇನ್ನೊಮ್ಮೆ ಸೀರೆ ಹಾಕೆಂದು ನಾಕು ದಿನ ಅವಳ ಬೆನ್ನು ಹತ್ತಿದೆ.

“ಹಾಕ್ತೀನಿ. ಆದ್ರ ಈ ಸರ್ತಿ ನಾ ಹೇಳಿದ್ದನ್ನ ನಿನ್ನ ಗೆಳ್ಯಾ ಬಡೀಬೇಕು. ಬೋಗುಣಿ ಮುಂದ ನಿಮ್ಮ ಕಾಕಾ ಕುಂದರಬೇಕು.”

ಅದನ್ನು ಕೇಳಿದ ಕಾಕಾ ನನ್ನನ್ನು ಹಿತ್ತಲಿಗೆ ಕರೆದೊಯ್ದ. “ತಮ್ಮಾ, ನಿನ್ನ ಸ್ಫಟಿಕದ ಸಾಣಿಗಿ ಬಂದ್ರ ಸೀರಿ ಬೇಕಾಗಂಗಿಲ್ಲ ಹೌದಿಲ್ಲೋ?”

“ಹೌದ್ರಿ ಕಾಕಾ. ಆದ್ರ ಎಮ್ಮಿ?”

“ಎಮ್ಮಿ ಮುಂದಿನ ವರ್ಷ ನೋಡೋಣಂತ,” ಎಂದ ಕಾಕಾ, ಮಾಳಿಗೆಯ ಕಡೆ ಒಮ್ಮೆ ನೋಡಿ. “ರವಿವಾರಕ್ಕ ಮದಲ ಬರತೈತೇನು?”